ಮೊದಲ ಆಯ್ಕೆ

ಹೋದ ವರ್ಷ ಕೊನೆಗೆ ಬಿದ್ದ ತಂಡಕ್ಕೆ
ಈ ವರ್ಷ ಮೊದಲ ಆಯ್ಕೆ: ನಮ್ಮ ಕಬಡ್ಡಿ ಲೀಗಿನ ನಿಯಮ.
ಸೋತವರಿಗೆ ಮೊದಲ ಪಂಕ್ತಿ ಅನ್ನಿ.
ಹಾಗಾಗಿ ಸಾಲಗಾಮೆ ರಸ್ತೆಯ ಕಲ್ಯಾಣಮಂಟಪದಲ್ಲಿ,
ನಿನ್ನೆಯ ಮದುವೆಯ ಸೇವಂತಿಗೆ ಇನ್ನೂ ಕಂಬಕ್ಕಿರುವಾಗ,
ಎಂಟು ತಂಡಗಳ ಎದುರು ಮೊದಲು ಎದ್ದವನು ನಾನು.

ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆಯ ಮಂಡಿ ನನ್ನದು.
ಇಪ್ಪತ್ತೆರಡು ವರ್ಷ. ಜಲಂಧರದ ಲಾರಿ ಬಂದು ನಿಂತರೆ
ಮೂಟೆಗೆ ಕೈ ಹಾಕಿ ಒಂದು ಗಡ್ಡೆ ತೆಗೆದು,
ಕಣ್ಣು ಎಣಿಸಿ, ಉಗುರಲ್ಲಿ ಗೀರಿ ಹೇಳುತ್ತೇನೆ:
ಇದು ಮೊಳೆಯುತ್ತೆ. ಇದು ಮಣ್ಣಲ್ಲೇ ಮಲಗುತ್ತೆ.
ರೈತರು ನಂಬುತ್ತಾರೆ.
ನಾನೂ ನಂಬಿದ್ದೆ.

ಹುಡುಗ ಕಟ್ಟಾಯದ ಕಡೆಯವನು, ಹೆಸರು ನಿಶ್ಚಿತ್.
ಹೆಸರು ನೋಡಯ್ಯ ಅಂದೆ ಪಾಲುದಾರ ಮುಬಾರಕನಿಗೆ,
ಹೆತ್ತವರೇ ಗ್ಯಾರಂಟಿ ಬರೆದುಕೊಟ್ಟಿದ್ದಾರೆ.
ಸ್ಟೇಡಿಯಂನಲ್ಲಿ ಟೇಪು ಹಿಡಿದು ಅಳೆದಿದ್ದರು:
ಎದೆ ನಲವತ್ತೆರಡು, ನಿಂತಲ್ಲಿಂದ ಒಂಬತ್ತಡಿ ನೆಗೆತ.
ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋದರೆ
ಸ್ಟಾಪ್‌ವಾಚಿನವನು ವಾಚು ಕೆಟ್ಟಿತೇ ಎಂದು ಅಲ್ಲಾಡಿಸಿ ನೋಡಿದ.
ಶಿವರಾತ್ರಿ ಪಂದ್ಯದಲ್ಲಿ, ಕೊಯ್ಲಾದ ಗದ್ದೆಯ ಮಣ್ಣಲ್ಲಿ,
ಒಂದೇ ರೈಡಿಗೆ ಐವರನ್ನು ಮುಟ್ಟಿ ಬಂದ ವಿಡಿಯೋ
ಇವತ್ತಿಗೂ ನನ್ನ ಫೋನಲ್ಲಿದೆ. ಅಳಿಸಿಲ್ಲ.

ಎಂಬತ್ತು ಸಾವಿರ. ಎನ್.ಆರ್. ಸರ್ಕಲ್ಲಿಗೆ ಫ್ಲೆಕ್ಸು.
ನನ್ನ ಮುಖ ಲಿಂಬೆಹಣ್ಣಿನಷ್ಟು, ಅವನದು ಬಸ್ಸಿನಷ್ಟು.

ಮೊದಲ ಪಂದ್ಯ. ನೀಲಿ ಮ್ಯಾಟು, ಹಗಲು ಮಾಡಿದ ದೀಪ,
ನಾನೇ ಕೊಡಿಸಿದ ಬೂಟು.
ಗೆರೆ ದಾಟಿದ. ಒಂದು ಹೆಜ್ಜೆ, ಎರಡು,
ಮೂರನೆಯದಕ್ಕೆ ಆಲೂರಿನ ಮೂಲೆಯ ಹುಡುಗ
ಅವನ ಕಾಲನ್ನು ಸುಮ್ಮನೆ ಎತ್ತಿಕೊಂಡ,
ಬಸ್ಸಿಳಿಯುವಾಗ ಬ್ಯಾಗು ಎತ್ತಿಕೊಳ್ಳುವ ಹಾಗೆ.
ಎರಡನೇ ಪಂದ್ಯಕ್ಕೆ ಒಂದು ಪಾಯಿಂಟು, ಅದೂ ಬೋನಸ್ಸು.
ಮೂರನೆಯದಕ್ಕೆ ಗೆರೆಯಾಚೆಯೇ ಉಸಿರು ಕಡಿಯಿತು.
ನಲವತ್ತೆರಡರ ಎದೆ. ಗಾಳಿ ಎಲ್ಲಿ ಹೋಯಿತೋ.
ಗ್ಯಾಲರಿಯಿಂದ ಯಾರೋ ಕೂಗಿದರು: ಏ ಆಲೂಗಡ್ಡೇ!
ಅವನಿಗೋ ನನಗೋ ತಿಳಿಯಲಿಲ್ಲ.
ಇಬ್ಬರೂ ತಲೆ ತಗ್ಗಿಸಿದೆವು.

ಮಣ್ಣಲ್ಲಿ ಬೆರಳು ನೆಲ ಕಚ್ಚುತ್ತೆ ಅಣ್ಣ,
ಮ್ಯಾಟಲ್ಲಿ ನೆಲಾನೇ ಸಿಗಲ್ಲ ಅಂದ ಕೋಚು.
ಫ್ಲೆಕ್ಸಿಗೆ ಕಣ್ಣು ಬಿತ್ತು ಅಂದಳು ನನ್ನ ಹೆಂಡತಿ.
ಮುಬಾರಕ್ ಏನೂ ಅನ್ನಲಿಲ್ಲ, ಲೆಕ್ಕದ ಪುಸ್ತಕ ತಿರುವಿದ.

ಕೊನೇ ಸುತ್ತಿನಲ್ಲಿ, ಯಾರಿಗೂ ಬೇಡವಾಗಿ ಉಳಿದಿದ್ದ
ರಂಗಧಾಮನನ್ನು ಅರಸೀಕೆರೆಯವರು ಮೂರು ಸಾವಿರಕ್ಕೆ ಎತ್ತಿದ್ದರು.
ಕುಳ್ಳ. ಟೈಲ್ಸ್ ಕೂರಿಸುವವನು. ದಿನವಿಡೀ ಕುಕ್ಕರಗಾಲು.
ಆ ವರ್ಷ ಅವನು ಹಿಡಿದ ಕಾಲು ಗೆರೆ ಮುಟ್ಟಲಿಲ್ಲ.
ಹುಡುಗರ ಸಾಲಿನಲ್ಲಿ ನನ್ನ ಎದುರೇ ನಿಂತಿದ್ದ, ನಂಬರು ತೊಂಬತ್ತೊಂದು.
ಅವನ ತಲೆಯ ಮೇಲಿಂದ ನಾನು ನಿಶ್ಚಿತನನ್ನು ನೋಡುತ್ತಿದ್ದೆ.

ಲೀಗು ಮುಗಿದ ವಾರ ಮಂಡಿಗೆ ಬಂದ,
ಕಂಕುಳಲ್ಲಿ ಬೂಟಿನ ಡಬ್ಬಿ.
ಹೊಸದೇ ಅಣ್ಣ, ಹೆಚ್ಚು ಓಡಿಲ್ಲ.
ನಗಲು ನೋಡಿದ, ಬರಲಿಲ್ಲ.
ಬೈಗುಳ ಎಷ್ಟೋ ಕಟ್ಟಿಟ್ಟುಕೊಂಡಿದ್ದೆ.
ಒಮ್ಮೆ ದುದ್ದದ ರೈತನೊಬ್ಬ ಮೊಳೆಯದ ಬೀಜ ತಂದು
ಮಾತಿಲ್ಲದೆ ಇದೇ ಮೇಜಿನ ಮೇಲಿಟ್ಟಾಗ
ಮಳೆಯ ಮೇಲೆ ಹಾಕಿ ಕಳಿಸಿದ್ದೆ.
ಮೊದಲು ಅಂತ ಕೂಗಿದವನು ನಾನು.
ಅವನು ಕೇಳಿಯೇ ಇರಲಿಲ್ಲ.

ಮೂಟೆಯಿಂದ ಒಂದು ಗಡ್ಡೆ ತೆಗೆದು ತಿರುಗಿಸಿ ನೋಡುತ್ತಾ,
ಇದು ಮೊಳೆಯುತ್ತಾ ಅಣ್ಣ? ಅಂದ.
ಉಗುರು ತಾನಾಗಿ ಎದ್ದಿತು. ಗೀರಲಿಲ್ಲ.
ಹಾಕಿ ನೋಡಬೇಕು ಕಣೋ, ಅಂದೆ.
ಜೇಬಿಗಿಳಿಸಿಕೊಂಡು ಹೋದ.

ನಾವು ಮತ್ತೆ ಕೊನೆ. ಮೊದಲ ಆಯ್ಕೆ ಮತ್ತೆ ನಮ್ಮದೇ.
ಪಟ್ಟಿ ಬಂದಿದೆ, ಮುಬಾರಕ್ ಯಾವುದೋ ಹೆಸರಿಗೆ ಸುತ್ತು ಹಾಕಿದ್ದಾನೆ.
ಮೇಜಿನ ಕೆಳಗೆ ಡಬ್ಬಿ ಕಾಲಿಗೆ ತಗಲುತ್ತದೆ.
ಒಂಬತ್ತರ ಸೈಜು.